ಕೊನೆಯ ಹಾಳೆ

ಒಂದೂಕಾಲಿಗೆ ಬೆಲ್ಟು ನಿಲ್ಲುತ್ತದೆ.
ಕೂಡ್ಲೂರಿನ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ
ನಬೀಸಾಳ ಫೋನು ಟಿಫಿನ್ ಡಬ್ಬಿಗೆ ಒರಗಿ ಕೂರುತ್ತದೆ,
ನಾವು ಆರು ಜನ ಅದರ ಸುತ್ತ.

ಪತ್ತೇದಾರ ಬಂದ.
ಹಳೇ ಕಥೆಗೆ ಹೊಸ ಅಂಗಿ ಹೊಲಿಸಿದ್ದಾರೆ,
ಕುದುರೆಗಾಡಿ ಹೋಗಿ ಬಾಡಿಗೆ ಕಾರು,
ತಂತಿ ಹೋಗಿ ಮೆಸೇಜು,
ಮಾತು ಕನ್ನಡ, ತುಟಿ ಬೇರೇನೋ ಹೇಳುತ್ತಿರುತ್ತದೆ.
ಸತ್ತುಬಿದ್ದವನ ಬೂಟು ನೋಡಿಯೇ
"ಎಡಗೈಯವನು, ನಾಯಿ ಸಾಕಿದ್ದ,
ಹೆಂಡತಿಯೊಡನೆ ಮಾತು ಬಿಟ್ಟು ಮೂರು ವಾರ"
ಅಂತ ಉಸಿರು ಬಿಡದೆ ಹೇಳಿದ.
"ಅಬ್ಬಾ" ಅಂದಳು ಲೂರ್ದು ಮೇರಿ, ಬಾಯಲ್ಲಿ ಮೊಸರನ್ನ.

ಇದೇನು ಮಹಾ, ಅಂದೆ ನಾನು.
ಒಂದು ಬೀಜ ಅಂಗೈಗಿಡು, ಹೇಳುತ್ತೇನೆ.
ಇದು ಹಣ್ಣಾಗುವ ಮೊದಲೇ ಕಿತ್ತದ್ದು, ಯಾರಿಗೋ ಅವಸರವಿತ್ತು.
ಇದು ಕಣದಲ್ಲಿ ನೆನೆದದ್ದು, ಟಾರ್ಪಾಲು ತರುವಷ್ಟರಲ್ಲಿ ತಡವಾಯಿತು.
ಸೂಜಿಮೊನೆಯ ತೂತು ಇದಕ್ಕೆ,
ಕಾಯಿಕೊರಕ ಒಳಗೇ ಸಂಸಾರ ಹೂಡಿತ್ತು.
ಇದಕ್ಕೆ ಗೋಣಿಯ ವಾಸನೆ,
ಬೆಲೆ ಏರಲೆಂದು ಸಾಹುಕಾರ ಎರಡು ವರ್ಷ ಕಾದಿದ್ದಾನೆ.
ದಿನಕ್ಕೆ ಲಕ್ಷ ಸಾಕ್ಷಿಗಳ ವಿಚಾರಣೆ,
ಕೂಲಿ ಮಾತ್ರ ಅವನಷ್ಟಿಲ್ಲ.

ಹಾಗಂತ ಅವನನ್ನು ಬಿಟ್ಟುಕೊಡುವವಳಲ್ಲ ನಾನು.
ಅವನು ಕಣ್ಣು ಕಿರಿದು ಮಾಡಿದರೆ
ನನ್ನ ಕೈಯ ರೊಟ್ಟಿ ಅರ್ಧದಾರಿಯಲ್ಲೇ ನಿಲ್ಲುತ್ತದೆ.
ಒಂದೇ ಬೇಜಾರು, ಕಂಡದ್ದನ್ನೆಲ್ಲ ಹೇಳಿಬಿಡುತ್ತಾನೆ.
ಸೋಮವಾರ ಹೊನ್ನಮ್ಮನ ಕಿವಿಯಲ್ಲಿ
ಓಲೆಯ ಬದಲು ಪೊರಕೆಕಡ್ಡಿಯ ಚೂರಿತ್ತು.
ಐದೂ ಪತ್ತೇದಾರರು ಕಂಡೆವು.
ಯಾವ ಬ್ಯಾಂಕು, ಎಷ್ಟು ಸಾವಿರ, ಮಗನ ಯಾವ ಬೈಕು,
ಎಲ್ಲ ಮನಸ್ಸಲ್ಲೇ ಬಗೆಹರಿಯಿತು.
"ಮಿಡಿ ಉಪ್ಪಿನಕಾಯಿ ಹಾಕಲಾ?" ಅಂದಳು ನಬೀಸಾ.
ಅಷ್ಟೇ.

ಈ ವಾರದ ಕಥೆ ನನಗೆ ಹಳೇ ಪರಿಚಯ.
ಸೋಮವಾರಪೇಟೆ, ಏಳನೇ ಕ್ಲಾಸು, ಶಾಲೆಯ ಬೀರು,
ರಟ್ಟಿಲ್ಲದ ಪುಸ್ತಕ.
ಚಿಲಕ ಹಾಕಿದ ಕೋಣೆ, ತಣ್ಣಗಾದ ಚಹಾ,
"ಕೊಲೆಗಾರ ಇಲ್ಲೇ ಕೂತಿದ್ದಾನೆ, ಅವನ ಹೆಸರು..."
ಮುಂದಿನ ಹಾಳೆ ಯಾರೋ ಹರಿದಿದ್ದರು,
ಕಡಲೆಕಾಯಿ ಪೊಟ್ಟಣಕ್ಕೋ, ದೋಣಿಗೋ.
ಮೂವತ್ತೊಂದು ವರ್ಷ ಅವನನ್ನು ಹೊತ್ತು ತಿರುಗಿದ್ದೇನೆ.
ಬಸುರಿಯಾಗಿದ್ದಾಗ ಡಾಕ್ಟರ ಮೇಲೆ ಅನುಮಾನ,
ಆಮೇಲೆ ಕೆಲಕಾಲ ಅಡುಗೆಯವಳ ಮೇಲೆ,
ಗಂಡ ಲಾರಿ ಮಾರಿದ ವರ್ಷ ಎಲ್ಲರ ಮೇಲೂ.

ಇವತ್ತು ಕೊನೆಯ ಕಂತು.
ಉತ್ತಯ್ಯ ಮೇಸ್ತ್ರಿಯೂ ಹಿಂದೆ ಬಂದು ನಿಂತ, ಗಡಿಯಾರ ನೋಡದೆ.
ಸಿಕ್ಕಿದ! ಗೇಟಿನ ಕಾವಲುಗಾರ.
ಲಿಫ್ಟಿನ ಕ್ಯಾಮೆರಾ ಹಿಡಿದುಕೊಟ್ಟಿತು.
ಮೇರಿ ಶಿಳ್ಳೆ ಹೊಡೆದಳು,
ನಾನೂ ಚಪ್ಪಾಳೆಗೆ ಕೈ ಎತ್ತಿದೆ,
ಕೈ ಅಲ್ಲೇ ತಡೆಯಿತು.
ನನ್ನ ಪುಸ್ತಕದ ಮನೆಯಲ್ಲಿ ಲಿಫ್ಟೆಲ್ಲಿತ್ತು?
ಅದು ಕಂದೀಲಿನ ಕಾಲ.
ಗೇಟಿನಲ್ಲಿ ಕಾವಲುಗಾರನಿರಲಿಲ್ಲ, ಒಂದು ಮುದಿ ನಾಯಿ ಇತ್ತು.
ಕೊಲೆಗಾರನನ್ನೇ ಬದಲಿಸಿಬಿಟ್ಟಿದ್ದಾರೆ ಪುಣ್ಯಾತ್ಮರು!

ಬೆಲ್ಟು ಮತ್ತೆ ಹೊರಟಿತು.
ಕಪ್ಪು ಎಡಕ್ಕೆ, ಒಡಕು ಬಲಕ್ಕೆ.
ಮಧ್ಯೆ ಮಧ್ಯೆ ಒಬ್ಬಳೇ ನಗುತ್ತಿದ್ದೆನಂತೆ.
ನನ್ನವನು ಇನ್ನೂ ಸಿಕ್ಕಿಲ್ಲ.
ಆ ಕೋಣೆಯಲ್ಲೇ ಕೂತಿದ್ದಾನೆ
ತಣ್ಣಗಾದ ಚಹಾ ಮುಂದಿಟ್ಟುಕೊಂಡು,
ನಾನು ನೋಡುತ್ತಿದ್ದೇನೆಂದು ಗೊತ್ತಿದ್ದೂ.