ಯಾರೂ ಕುಡಿಯದ ಚಹಾ

ಬ್ಯಾಲರಾಟಿನ ಆಸ್ಪತ್ರೆಯಲ್ಲಿ ನನ್ನದು ಆರನೇ ಕುರ್ಚಿ.
ಸೋಮ, ಬುಧ, ಶುಕ್ರ. ಬೆಳಿಗ್ಗೆ ಏಳರಿಂದ ಹನ್ನೊಂದು.
ಎಡಗೈಗೆ ಎರಡು ಸೂಜಿ, ಬಲಗೈಗೆ ರಿಮೋಟು.
ರಕ್ತ ಹೊರಗೆ ಹೋಗಿ ಮಿಂದು ಬರುವಷ್ಟರಲ್ಲಿ
ನಾಲ್ಕು ಎಪಿಸೋಡು ಮುಗಿಯುತ್ತವೆ.
ಹಾಗಾಗಿ ಧಾರಾವಾಹಿಗಳ ಬಗ್ಗೆ ಮಾತಾಡುವ ಹಕ್ಕು
ಈ ಊರಲ್ಲಿ ನನಗಿದ್ದಷ್ಟು ಯಾರಿಗೂ ಇಲ್ಲ.

ಪತ್ತೇದಾರಿಯವನ್ನೇ ತಗೊಳ್ಳಿ.
ಹೆಣ ಸಿಗುವುದು ಯಾವಾಗಲೂ ನಾಯಿ ಓಡಾಡಿಸುವವರಿಗೆ,
ಅದಿರಲಿ. ನನ್ನ ತಕರಾರು ಚಹಾದ್ದು.
ಸತ್ತವನ ಹೆಂಡತಿ ನಡುಗುವ ಕೈಯಲ್ಲಿ ಬಗ್ಗಿಸಿ ಕೊಡುತ್ತಾಳೆ,
ಹಬೆ ಏಳುತ್ತದೆ, ಇನ್ಸ್‌ಪೆಕ್ಟರು ತುಟಿಯವರೆಗೆ ತರುತ್ತಾನೆ,
ಫೋನು ಬಡಿದುಕೊಳ್ಳುತ್ತದೆ.
ಎದ್ದು ಹೊರಟೇಬಿಟ್ಟ!
ಹತ್ತು ಸೀಸನ್ನು ಕಳೆಯಿತು,
ಒಂದೇ ಒಂದು ಲೋಟ ಮುಗಿಸಿಲ್ಲ ಮಹಾರಾಯ.
ಕೊಲೆಗಾರ ಎಲ್ಲಿಗೂ ಹೋಗಲ್ಲ ಕಣಯ್ಯಾ,
ಕೊನೇ ಐದು ನಿಮಿಷಕ್ಕೆ ಅವನಾಗೇ ಬಾಯಿ ಬಿಡುತ್ತಾನೆ,
ಕುಡಿದು ಹೋಗು.

ನನಗೆ ದಿನಕ್ಕೆ ಒಂದು ಲೀಟರು.
ಸಾರು, ಮಜ್ಜಿಗೆ, ಮಾತ್ರೆಯ ಗುಟುಕು, ಎಲ್ಲ ಸೇರಿ.
ಅಳೆಯುವುದು ಹಳೇ ಜಾಮಿನ ಬಾಟಲಿಯಲ್ಲಿ.

ಅಡುಗೆ ಸ್ಪರ್ಧೆ ನೋಡಬೇಡಿ ಎಂದಳು ಡಯೆಟಿಶಿಯನ್ನು.
ನೋಡುತ್ತೇನೆ. ಮಾವು, ಟೊಮೇಟೊ, ಬಾಳೆಹಣ್ಣು,
ನನಗೆ ವರ್ಜ್ಯವಾದದ್ದನ್ನೇ ಹುಡುಕಿ ಹುಡುಕಿ ಹೆಚ್ಚುತ್ತಾರೆ.
ತೀರ್ಪುಗಾರ ಒಂದು ಚಮಚ ನಾಲಿಗೆಗಿಟ್ಟು
ಕಣ್ಣು ಮುಚ್ಚುತ್ತಾನೆ. ಮಿಕ್ಕ ತಟ್ಟೆ ಎಲ್ಲಿಗೆ ಹೋಗುತ್ತದೆ?
ಅದನ್ನು ಯಾವ ಕ್ಯಾಮೆರಾವೂ ತೋರಿಸಿಲ್ಲ.

ಏಳನೇ ಕುರ್ಚಿ ಕೆನ್ ಟ್ರಿವೆಲ್ಲಾನದು.
ಮುತ್ತಜ್ಜ ಇಲ್ಲಿಗೆ ಚಿನ್ನ ಅಗೆಯಲು ಬಂದವನಂತೆ,
ಸಿಕ್ಕಿದ್ದು ಕೆಮ್ಮು.
ಕೆನ್‌ಗೆ ಟೀವಿ ಕಂಡರಾಗದು. ಮಡಿಲಲ್ಲಿ ಸದಾ
ದಿಂಬಿನಷ್ಟು ದಪ್ಪದ ಕಾದಂಬರಿ: ಏಳು ಹೊಸ್ತಿಲ ನಾಡು.
ಅದೇ ನಾಡು ನನ್ನ ಪರದೆಯ ಮೇಲೆ,
ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರವಾಗಿ.
ಜಗಳಕ್ಕೆ ಇಷ್ಟು ಸಾಲದೇ?

"ಡ್ರ್ಯಾಗನ್ನು ಹೇಗಿದೆ?" ಎಂದ.
ಭರ್ಜರಿ, ಎಂದೆ. ಮೈಯೆಲ್ಲ ಹೊಳಪು, ಕಣ್ಣು ಲಾರಿಯ ದೀಪ.
"ಸುಳ್ಳು. ಅದಕ್ಕೆ ಒಂದು ಕಣ್ಣಲ್ಲಿ ಪೊರೆ,
ರೆಕ್ಕೆಯಲ್ಲಿ ತೂತು. ಹಾರುವ ಮುನ್ನ
ಉಸ್ಸಪ್ಪಾ ಎಂದು ಐದು ನಿಮಿಷ ಕೂರಬೇಕು."
ಅಂಥದನ್ನು ನೋಡಲು ಯಾರು ಟಿಕೆಟ್ಟು ಕೊಳ್ಳುತ್ತಾರೆ?
"ನಾನು," ಎಂದ.

ಅನ್ಯಾಯ ಆಡಬಾರದು:
ಯುದ್ಧ ಚಿತ್ರದಲ್ಲೇ ಚೆನ್ನ ಎಂದು ಅವನೇ ಒಪ್ಪಿದ,
ಪುಸ್ತಕದಲ್ಲಿ ಅದು ಬರೀ ಕುದುರೆಗಳ ಹೆಸರಂತೆ.
ನಾನೂ ಒಪ್ಪಿದೆ: ರಾಣಿಗೆ ಏಳು ವರ್ಷ ವನವಾಸವಾದರೂ
ಹುಬ್ಬು ತೀಡಿದ್ದು ತೀಡಿದ ಹಾಗೇ ಇದೆ.

ಕಳೆದ ಶುಕ್ರವಾರ, ವೆಂಡೂರೀ ಕೆರೆಯ ಮೇಲಿಂದ
ಕೊರೆಯುವ ಗಾಳಿ ಬಂದು ಕಿಟಕಿ ತಟ್ಟುವಾಗ, ಕೇಳಿದೆ:
ಬಾಗಿಲು ಕಾಯುವ ಮುದುಕಿ ಯಾಕೆ ಕೀಲಿ ಕೊಟ್ಟಳು?
ಚಿತ್ರದಲ್ಲಿ ರೆಪ್ಪೆ ಮಿಟುಕುವಷ್ಟರಲ್ಲಿ ಕೊಟ್ಟುಬಿಡುತ್ತಾಳೆ.
ಅವನು ಹಿಂದಕ್ಕೆ ತಿರುವಿ ಓದಿದ,
ಒಂದೇ ಕೈ, ಹೆಬ್ಬೆರಳಿಂದ ಹಾಳೆ ಸರಿಸುತ್ತ.

ನೂರು ವರ್ಷ ಕಾವಲು. ಬಾವಿ ಕಣ್ಣೆದುರೇ ಇತ್ತು,
ಹೊಸ್ತಿಲು ಬಿಟ್ಟು ಏಳುವಂತಿರಲಿಲ್ಲ.
ಬಂದ ವೀರರೆಲ್ಲ ಬಾಗಿಲನ್ನೇ ಕೇಳಿದರು.
ಒಬ್ಬ ಹುಡುಗಿ ಮಾತ್ರ ಬೊಗಸೆಯಲ್ಲಿ ನೀರು ತಂದಳು,
ಬರುವಾಗಲೇ ಅರ್ಧ ಸೋರಿತ್ತು.
ಮುದುಕಿ ಕುಡಿದಳು. ಮೂರು ಪುಟ.
ತುಟಿಗೆ ತಾಕಿದ್ದು ಒಂದು ಪುಟ,
ನಾಲಿಗೆ ನೆನೆದದ್ದು ಇನ್ನೊಂದು,
ಗಂಟಲಿಗೆ ಇಳಿಯಬೇಕು,

ಯಂತ್ರ ಕಿರುಚಿತು. ನನ್ನದಲ್ಲ, ಅವನದು.
ಮಾರಿಸೆಲ್ ಬಂದು ಮಡಚಿದ ಟ್ಯೂಬು ಬಿಡಿಸಿ
ಗುಂಡಿ ಒತ್ತಿ ಹೋದಳು.

ಈ ದೃಶ್ಯ ಯಾಕೆ ತೆಗೆದರು?
"ಏನೂ ನಡೆಯುವುದಿಲ್ಲವಲ್ಲ ಅದರಲ್ಲಿ," ಎಂದ ಕೆನ್.

ಟೀವಿ ಆರಿಸಿರಲಿಲ್ಲ ನಾನು, ಧ್ವನಿ ಮಾತ್ರ ಇಳಿಸಿದ್ದೆ.
ಅಲ್ಲಿ ಇನ್ಸ್‌ಪೆಕ್ಟರು ಇನ್ನೊಂದು ಮನೆಯ ಸೋಫಾದ ಮೇಲೆ.
ಹಬೆ ಏಳುತ್ತಿತ್ತು.
ಮೂರನೇ ಪುಟ ಬಾಕಿ ಇದೆ, ಎಂದೆ.