ಒಂದು ಜಾಸ್ತಿ

ಶನಿವಾರ ಸಂಜೆ ಹರಿಹರದ ಬಸ್ಸಿನಿಂದಿಳಿದು
ಕಂಡಕ್ಟರ್ ಹಾಲೇಶಿ ನನ್ನ ಝೆರಾಕ್ಸ್ ಅಂಗಡಿಗೆ ಬರುತ್ತಾನೆ.
ಹಳೇ ಪೇಪರಿನಲ್ಲಿ ಇಪ್ಪತ್ತಿಪ್ಪತ್ತು ಸುತ್ತಿದ ಸುರುಳಿ,
ಎರಡು ತುದಿಗೂ ಗೋಂದು,
ಮೇಲೆ ಪೆನ್ನಿನಲ್ಲಿ ೧, ೨, ೫.
ಸ್ಕ್ಯಾನರ್ ಅಂಟಿಸಿದ ಮೇಲೆ ಬಸ್ಸಿಗೂ ಬಡತನ:
ಮೊದಲು ಹದಿನೈದು ಸುರುಳಿ, ಈಗ ನಾಲ್ಕು.
ನನ್ನ ನೋಟನ್ನು ಒಮ್ಮೆ ಎಣಿಸಿ, ಉಗುಳು ಹಚ್ಚಿ ಮತ್ತೊಮ್ಮೆ ಎಣಿಸಿ
‘ಏನಕ್ಕಾ, ಹೋದ ವಾರ ಬಂಗಾರ ಸಿಕ್ತೇನು?’ ಅನ್ನುತ್ತಾನೆ.

ಸಿಕ್ಕಿರುವುದಿಲ್ಲ.

ಷಟರ್ ಅರ್ಧ ಇಳಿಸಿ
ಮೆಷೀನಿನ ಬೆಚ್ಚನೆ ಗಾಜಿನ ಮೇಲೆ ಸುರುಳಿ ಒಡೆಯುತ್ತೇನೆ.
ವಾಚು ರಿಪೇರಿಯ ಬುಡನ್ ಸಾಬರು ಕಣ್ಣು ಮಂಜಾದ ಮೇಲೆ
ನನಗೆ ಬಿಟ್ಟುಕೊಟ್ಟ ಭೂತಗನ್ನಡಿ
ಹುಬ್ಬಿಗೂ ಕೆನ್ನೆಗೂ ನಡುವೆ ಸಿಕ್ಕಿಸಿ
ಇಸವಿಯ ಕೆಳಗೆ ನೋಡುತ್ತೇನೆ:
ಚುಕ್ಕೆ ಇದ್ದರೆ ನೋಯ್ಡಾ,
ನಕ್ಷತ್ರವಿದ್ದರೆ ಹೈದರಾಬಾದು,
ವಜ್ರದಾಕಾರವಿದ್ದರೆ ಮುಂಬಯಿ,
ಏನೂ ಇಲ್ಲದಿದ್ದರೆ ಕಲ್ಕತ್ತ.
ಏನೂ ಇಲ್ಲದಿರುವುದೂ ಒಂದು ಊರಿನ ಗುರುತೆಂದು
ನನಗೆ ಗೊತ್ತಾದದ್ದು ನಲವತ್ತನೆಯ ವಯಸ್ಸಿಗೆ.

‘ಚಿಲ್ಲರೆ ಬುದ್ಧಿ’ ಅಂತಾಳೆ ನಾದಿನಿ ಶಿವಗಂಗಾ.
ಇರಬಹುದು.
ಹನ್ನೊಂದು ವರ್ಷಕ್ಕೆ ಬಿಸ್ಕತ್ತಿನ ಡಬ್ಬಿ ಸೇರಿದ್ದು ಇಷ್ಟು:
ಅಚ್ಚು ಜರುಗಿದ ಎರಡು ರೂಪಾಯಿ,
ಹುಣ್ಣಿಮೆಗೆ ಎರಡು ದಿನ ಬಾಕಿ ಇರುವ ಚಂದ್ರನ ಹಾಗೆ;
ಮಗುಚಿದರೆ ಸಿಂಹಗಳು ಮಗ್ಗುಲಾಗಿ ಮಲಗಿರುವ ಒಂದು ರೂಪಾಯಿ;
ಘೇಂಡಾಮೃಗದ ನಾಲ್ಕಾಣೆ, ಈಗ ಭಿಕ್ಷುಕರೂ ಮುಟ್ಟದ್ದು.
ಇಷ್ಟಕ್ಕೇ ಲಕ್ಷ ಬರುತ್ತದೆಂದು
ಮೊಬೈಲಿನಲ್ಲಿ ನೋಡಿದವರು ಹೇಳುತ್ತಾರೆ.
ಕೊಳ್ಳುವವರ ವಿಳಾಸ ಕೇಳಿದರೆ ಚಾರ್ಜು ಮುಗಿದಿರುತ್ತದೆ.

ಹಳಸಿದ ಮಾತಿಗೆ ಸವಕಲು ನಾಣ್ಯ ಅನ್ನುತ್ತಾರೆ.
ಬೈಗುಳ ಅದು. ನನಗೆ ಹಾಗನ್ನಿಸಿಲ್ಲ.
ಹತ್ತಿ ಮಂಡಿಯ ಹಮಾಲಿ,
ಮಂಡಕ್ಕಿ ಭಟ್ಟಿಯ ಮಸಿ ಮೆತ್ತಿದ ಹುಡುಗಿ,
ಬೆಣ್ಣೆ ದೋಸೆಯ ಜಿಡ್ಡು ಬೆರಳು,
ಇಷ್ಟು ಕೈ ಮುಟ್ಟಿಯೂ ಸವೆಯದಿದ್ದರೆ
ಅದು ಯಾರ ಕೈಗೂ ಹೋಗಿಲ್ಲ ಅಂತ.

ಮೊನ್ನೆಯ ಸುರುಳಿಯಲ್ಲಿ ಒಂದು ಹಳದಿ.
ಹಿತ್ತಾಳೆಯೇನೋ ಅಂತ ಎದೆ ಧಸಕ್ಕೆಂದಿತು.
ಕನ್ನಡಿ ಹಿಡಿದರೆ ಮಾಮೂಲಿ ಎರಡು ರೂಪಾಯಿ,
ಹೈದರಾಬಾದಿನದು, ಚೀಲಕ್ಕೆ ನೂರು ಸಿಗುವಂಥದ್ದು.
ಅರಿಶಿನ.
ಅಂಚಿಗೆ ಬಟ್ಟೆಯ ಎಳೆಯೊಂದು ಅಂಟಿ ಒಣಗಿತ್ತು.
ಮೂಸಿದೆ. ಅಕ್ಕಿ ಡಬ್ಬಿಯ ವಾಸನೆ.

ಮುಡುಪು.
ಯಾರೋ ಕಟ್ಟಿಟ್ಟು, ಯಾವುದಕ್ಕೋ ಕಾದು,
ಒಂದು ಬೆಳಗ್ಗೆ ಗಂಟು ಬಿಚ್ಚಿ
ಹರಿಹರಕ್ಕೆ ಟಿಕೆಟ್ ತೆಗೆದಿದ್ದಾರೆ.
ಬೇಡಿದ್ದು ಆಗಿತ್ತೋ,
ಆಗುವುದೇ ಇಲ್ಲವೆಂದು ತಿಳಿಯಿತೋ,
ಬರೀ ಎರಡು ರೂಪಾಯಿ ಕಡಿಮೆ ಬಿದ್ದಿತ್ತೋ.
ದುಗ್ಗಮ್ಮನ ಬಾಕಿಯೋ, ಉಕ್ಕಡಗಾತ್ರಿ ಅಜ್ಜಯ್ಯನದೋ,
ನಾಣ್ಯದ ಮೇಲೆ ಇಸವಿ ಇತ್ತು, ವಿಳಾಸ ಇರಲಿಲ್ಲ.

ಹಾಲೇಶಿಗೆ ಫೋನು ಮಾಡಿದೆ.
‘ಯಾರ್ ಕೊಟ್ರು ಅಂತ ಹ್ಯಾಂಗ್ ಹೇಳ್ಲಿ ಅಕ್ಕಾ,
ನಾ ಕೈ ನೋಡ್ತೀನಿ, ಮುಖ ನೋಡಲ್ಲ.’

ನಾಣ್ಯ ತೊಳೆಯಬಾರದು, ಇದು ಈ ಹುಚ್ಚಿನ ಮೊದಲ ಪಾಠ:
ತೊಳೆದರೆ ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ.
ತೊಳೆಯಲಿಲ್ಲ.
ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ,
ಗಿರಾಕಿಗೆ ಚಿಲ್ಲರೆಯಾಗಿ ಕೊಡಲು ಕೈ ಬರಲಿಲ್ಲ.
ಗಾಜಿನ ಮೇಲೆ ಉಳಿದ ಅರಿಶಿನದ ಪುಡಿ
ಸೋಮವಾರ ಯಾರದೋ ಆಧಾರ್ ಪ್ರತಿಯ ಮೇಲೆ,
ಹುಟ್ಟಿದ ಇಸವಿಯ ಕೆಳಗೆ,
ಬೂದು ಚುಕ್ಕೆಯಾಗಿ ಬಂತು.
ನೋಯ್ಡಾ, ಅಂದುಕೊಂಡೆ.

ಈ ಶನಿವಾರ ಹಾಲೇಶಿಗೇ ಚಿಲ್ಲರೆ ಸಾಲದು,
ಬೆಳಗಿನ ಟ್ರಿಪ್ಪಿಗೆ ಬೇಕಂದ.
ಆರಿಸಿ ಉಳಿದದ್ದನ್ನು ಅದೇ ಪೇಪರಿನಲ್ಲಿ ಸುತ್ತಿ ಕೊಟ್ಟೆ.
ಅಂಗೈಯಲ್ಲಿ ತೂಗಿದ.
ಇಪ್ಪತ್ತು ವರ್ಷದ ಕಂಡಕ್ಟರಿಕೆ, ಒಡೆಯದೇ ಹೇಳಬಲ್ಲ.
‘ಇಪ್ಪತ್ತೊಂದು ಅದಾವಲ್ಲಕ್ಕಾ. ಒಂದು ಜಾಸ್ತಿ.’

‘ಇರ್ಲಿ ಬಿಡು’ ಅಂದೆ,
‘ಯಾರಿಗಾದ್ರೂ ಕಡಿಮೆ ಬೀಳ್ತದೆ.’