ಏಳು ಮಂಗಳವಾರ

ಗಂಗೋತ್ರಿಯಿಂದ ಬಂದ ಹುಡುಗಿ, ಹೆಸರು ಯಶಸ್ವತಿ,
ಬಿಸಿಯೂಟದ ಕೋಣೆ ಹೊರಗೆ ಚಪ್ಪಲಿ ಬಿಟ್ಟು ಬಂದು ಅಂದ್ಳು:
"ನೀವೇ ನಡೆಸಬೇಕು ಅಕ್ಕ, ನಾನು ಮೂಲೇಲಿ ಕೂತು ಬರಕೊತೀನಿ."

ನೂರ ಹನ್ನೆರಡು ಮಕ್ಕಳಿಗೆ ಸಾರು ಕುದಿಸೋಳು
ಅವರಪ್ಪಂದಿರಿಗೆ ಏನು ಹೇಳಲಿ?
ಮೈಸೂರಲ್ಲಿ ಮೂರು ದಿನ ತರಬೇತಿ,
ಒಂದು ಬ್ಯಾಗು, ಒಂದು ಕೈಪಿಡಿ.
ಅದರಲ್ಲಿ 'ಸಂವಹನ' ಅಂತಿತ್ತು.
ಹೊಡೆದುಹಾಕಿ 'ಮಾತು' ಅಂತ ಬರೆದೆ.
ಪ್ರೊಫೆಸರು ಕನ್ನಡಕ ಏರಿಸಿ ನೋಡಿ, ಆಗಲಿ ಅಂದ್ರು.

ಮೊದಲ ಮಂಗಳವಾರ ಹನ್ನೊಂದು ಅವ್ವಂದಿರು, ಒಬ್ಬನೇ ಅಪ್ಪ,
ಅವನೂ ಮನೇಲಿ ಕರೆಂಟು ಹೋಗಿದ್ದಕ್ಕೆ ಬಂದವನು.
ಎರಡನೇ ವಾರ ಚುರುಮುರಿ ಕಲಸಿದೆ. ಅಪ್ಪಂದಿರು ಐವರಾದರು.
ಮೂರನೇ ವಾರ ಬಾಗಿಲಲ್ಲಿ ಜವರಯ್ಯ,
ಸ್ಕೂಲು ಗೇಟಿನೆದುರೇ ಪಾನ್ ಮಸಾಲೆ ಸರ ಇಳಿಬಿಟ್ಟಿರೋನು:
"ನನ್ನ ಬಯ್ಯಕ್ಕೇ ಮಾಡಿರೋ ಪ್ರೋಗ್ರಾಮಾ?"
"ನಿನ್ ಮಗ ಏಳನೇ ಕ್ಲಾಸಲ್ವಾ ಕಣಣ್ಣ. ಒಳಿಕ್ಕೆ ಬಾ."

ಅವತ್ತು ಮಕ್ಕಳು ಒಂದು ಕೋಣೆ, ದೊಡ್ಡೋರು ಒಂದು ಕೋಣೆ,
ಇಬ್ಬರಿಗೂ ಒಂದೇ ಪ್ರಶ್ನೆ:
ಮನೇಲಿ ಮಗು ಯಾವಾಗ ಸುಮ್ಮನಾಗುತ್ತೆ?
ಆಮೇಲೆ ಚೀಟಿ ಅದಲುಬದಲು.
ಜವರಯ್ಯ ಬರೆದಿದ್ದ: ನಿದ್ದೆ ಬಂದಾಗ.
ಹುಡುಗ ಬರೆದಿದ್ದ: ಅಪ್ಪ ಬೈಕು ನಿಲ್ಲಿಸಿದ ಸದ್ದಾದಾಗ.

ಕಿಟಕೀಲಿ ಆಲೆಮನೆ ಹೊಗೆ.
ಕೈಪಿಡೀಲಿ ಇಲ್ಲಿ 'ಹತ್ತು ನಿಮಿಷ ಚರ್ಚೆ' ಅಂತಿತ್ತು.
ನಾನು ಹೋಗಿ ಟೀ ಇಟ್ಟೆ.

ಏಳು ವಾರ ಮುಗೀತು. ಸರ ಇನ್ನೂ ತೂಗ್ತಾನೇ ಇದೆ.
ಜವರಯ್ಯ ಮಾತ್ರ ಬೀದಿ ತುದೀಲೇ ಬೈಕು ಆಫ್ ಮಾಡಿ
ತಳ್ಳಿಕೊಂಡು ಬತ್ತಾನಂತೆ.
ಒಳ್ಳೇದೋ ಕೆಟ್ಟದ್ದೋ, ಆ ಹುಡುಗನ್ನೇ ಕೇಳಬೇಕು.

ಆರು ತಿಂಗಳಾದ ಮೇಲೆ ಯಶಸ್ವತಿ ಫಾರಂ ತಂದ್ಳು.
ಕುಡಿದವರೆಷ್ಟು, ಸೇದಿದವರೆಷ್ಟು, ಸ್ಕೂಲು ಬಿಟ್ಟವರೆಷ್ಟು.
"ಆಗದೇ ಇದ್ದದ್ದನ್ನ ಹೆಂಗವ್ವ ಎಣಿಸ್ತೀರಿ?"
"ಹೋಲಿಸಕ್ಕೆ ಇನ್ನೊಂದೂರು ಇಟ್ಟಿದೀವಿ ಅಕ್ಕ,
ಪ್ರೋಗ್ರಾಮು ಕೊಡದೇ ಇರೋದು."
ಊರ ಹೆಸರು ಹೇಳಿದ್ಳು.
"ಅಲ್ಲಿನ ಮಕ್ಕಳು?"
ಪೆನ್ನು ನಿಂತಿತು. "ಅವರಿಗೆ ಮುಂದಿನ ವರ್ಷ.
ಅಲ್ಲೀವರೆಗೂ ಏನೂ ಹೇಳಬೇಡಿ, ಲೆಕ್ಕ ಕೆಡುತ್ತೆ."

ಅದು ನನ್ನ ತಂಗೀನ ಕೊಟ್ಟಿರೋ ಊರು.
ಅವಳ ಮಗ ಮುಂದಿನ ವರ್ಷಕ್ಕೆ ಹತ್ತನೇ ಕ್ಲಾಸು,
ಈಗಲೇ ಶರ್ಟಿನ ಜೇಬಿಗೆ ಅವ್ವ ಕೈ ಹಾಕಿದರೆ ಸಿಡುಕ್ತಾನೆ.

ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿದೆ.
ಜಗಲಿ ಮೇಲೆ ಮೊರದ ತುಂಬ ಅವರೆಕಾಯಿ,
ಒಂದು ಕಡೆ ಅವನು, ಒಂದು ಕಡೆ ಅವರಪ್ಪ.
ಕಾಯಿ ಸುಲೀತಾ ಸುಲೀತಾ, ಯಾರಿಗೋ ಅನ್ನೋ ಹಂಗೆ,
ಆ ಪ್ರಶ್ನೆ ಕೇಳಿದೆ.

ಲೆಕ್ಕ ಎಷ್ಟು ಕೆಟ್ಟಿತೋ ಗೊತ್ತಿಲ್ಲ.